ಹಳೆಯ ಕಲ್ಲುಮನೆಯ ಸಣ್ಣ ಕಿಟಕಿಗಳಿಗೆ ಮೂರು ಪದರದ ಗಾಜು

ಹಳೆಯ ಕಾಟೇಜಿನ ಕಿಟಕಿ ಬದಲಿಸಲು ಹೊರಟವರು ಮೊದಲು ಕೇಳುವುದು ಗಾಜು ಎರಡು ಪದರದ್ದೋ ಮೂರು ಪದರದ್ದೋ ಎಂದು. ನಾವೂ ಅಲ್ಲಿಂದಲೇ ಶುರುಮಾಡಿದೆವು. ಕೆಲಸ ಮುಗಿದ ಮೇಲೆ ನೋಡಿದರೆ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ಚೌಕಟ್ಟು ಎಂಥದ್ದು, ಚೌಕಟ್ಟಿಗೂ ಗೋಡೆಗೂ ನಡುವಿನ ಸಂದನ್ನು ಹೇಗೆ ಮುಚ್ಚುತ್ತೀರಿ, ಕಿಟಕಿಯ ಅಕ್ಕಪಕ್ಕದ ಗೋಡೆಯನ್ನು ಏನು ಮಾಡುತ್ತೀರಿ, ಮನೆಯೊಳಗಿನ ತೇವ ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂಬುದೆಲ್ಲ ಮೊದಲು ಇತ್ಯರ್ಥವಾಗಬೇಕು. ಇವು ಸರಿಹೋದರೆ ಮೂರನೆಯ ಗಾಜು ನಿಜಕ್ಕೂ ಸುಖ ಕೊಡುತ್ತದೆ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮನೆ ಇರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನಲ್ಲಿ, ಹ್ಯಾಲಿಫ್ಯಾಕ್ಸ್‌ನಿಂದ ಪಶ್ಚಿಮಕ್ಕೆ, ಪೆನೈನ್ ಗುಡ್ಡಗಳ ಇಳಿಜಾರಿನಲ್ಲಿ. ಈ ಕಣಿವೆಯ ಹಳೆಯ ಮನೆಗಳಲ್ಲಿ ಬಹುಪಾಲು ಮಿಲ್‌ಸ್ಟೋನ್ ಗ್ರಿಟ್ ಎಂಬ ಒರಟು ಮರಳುಗಲ್ಲಿನವು, ಕೈಮಗ್ಗದ ನೇಕಾರರ ಕಾಲದವು. ಗೋಡೆಯ ದಪ್ಪ ಸುಮಾರು 550 ಮಿ.ಮೀ. ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆ. ಕಿಟಕಿಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಹೆಚ್ಚುಕಡಿಮೆ 600 ಮಿ.ಮೀ. ಅಗಲ, 900 ಮಿ.ಮೀ. ಎತ್ತರ. ಎಲ್ಲ ಸೇರಿದರೆ ಸುಮಾರು 5 ಚದರ ಮೀಟರ್. ಮರದ ಚೌಕಟ್ಟು, ಒಂದೇ ಪದರದ ಗಾಜು, ಬಿರುಕುಬಿಟ್ಟ ಪುಟ್ಟಿ.

ಮೊದಲು ಲೆಕ್ಕ. ಕಿಟಕಿಯ ಗುಣವನ್ನು ಇಲ್ಲಿ ಯು-ಮೌಲ್ಯದಿಂದ ಅಳೆಯುತ್ತಾರೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ಸೋರುತ್ತದೆ ಎಂಬ ಸಂಖ್ಯೆ ಅದು. ಮರದ ಚೌಕಟ್ಟಿನ ಒಂಟಿ ಗಾಜಿನ ಕಿಟಕಿಗೆ ಇದು 4.8ರ ಆಸುಪಾಸು. ಮೂರು ಪದರದ ಕಿಟಕಿಗಳ ಕೈಪಿಡಿಯಲ್ಲಿ 0.8 ಎಂದು ಮುದ್ರಿಸಿರುತ್ತಾರೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ನಿಮ್ಮ ಕಿಟಕಿಯದಲ್ಲ. ಯುರೋಪಿನ ಮಾನದಂಡದ ಪ್ರಕಾರ ಅದನ್ನು 1.23 ಮೀಟರ್ ಅಗಲ, 1.48 ಮೀಟರ್ ಎತ್ತರದ ಕಿಟಕಿಗೆ ಲೆಕ್ಕ ಹಾಕಿರುತ್ತಾರೆ. ಚೌಕಟ್ಟು ಮತ್ತು ಕದ ಸೇರಿ ಎಲ್ಲ ಬದಿಗೂ 110 ಮಿ.ಮೀ. ಅಗಲವಿದೆ ಎನ್ನೋಣ. ದೊಡ್ಡ ಕಿಟಕಿಯಲ್ಲಿ ಒಟ್ಟು ವಿಸ್ತೀರ್ಣದ ನೂರಕ್ಕೆ 70 ಪಾಲು ಗಾಜು. ನಮ್ಮ 600×900ರಲ್ಲಿ ಗಾಜು ಉಳಿಯುವುದು 380×680 ಮಿ.ಮೀ., ಅಂದರೆ ನೂರಕ್ಕೆ 48. ಅರ್ಧಕ್ಕಿಂತ ಹೆಚ್ಚು ಭಾಗ ಚೌಕಟ್ಟೇ. ಗಾಜಿನ ಯು-ಮೌಲ್ಯ 0.6, ಚೌಕಟ್ಟಿನದು 1.1, ಗಾಜಿನ ಅಂಚಿನ ಸೋರಿಕೆ ಮೀಟರಿಗೆ 0.035 ಎಂದು ಹಿಡಿದು ಕೂಡಿದರೆ ದೊಡ್ಡ ಕಿಟಕಿಗೆ 0.84 ಬರುತ್ತದೆ, ಸಣ್ಣದಕ್ಕೆ 1.0. ಅದೇ ಚೌಕಟ್ಟಿಗೆ ಒಳ್ಳೆಯ ಎರಡು ಪದರದ ಗಾಜು ಹಾಕಿದರೆ ಸಣ್ಣ ಕಿಟಕಿಗೆ ಸುಮಾರು 1.25.

ಇದನ್ನು ಇಂಧನಕ್ಕೆ ಬದಲಾಯಿಸೋಣ. ಇಲ್ಲಿಯ ಚಳಿಗಾಲವನ್ನು 2400 ಡಿಗ್ರಿ-ದಿನ (ಎಷ್ಟು ಡಿಗ್ರಿ ಚಳಿ, ಎಷ್ಟು ದಿನ ಎಂಬುದರ ಮೊತ್ತ) ಎಂದು ಹಿಡಿದರೆ, 5 ಚದರ ಮೀಟರ್ ಒಂಟಿ ಗಾಜನ್ನು ಮೂರು ಪದರಕ್ಕೆ ಬದಲಿಸಿದಾಗ ವರ್ಷಕ್ಕೆ ಸುಮಾರು 1100 ಯೂನಿಟ್ ಶಾಖ ಉಳಿಯುತ್ತದೆ. ಅದರಲ್ಲಿ ಎರಡನೆಯ ಗಾಜಿನಿಂದ ಮೂರನೆಯದಕ್ಕೆ ಹೋದದ್ದರ ಪಾಲು ಬರೀ 72 ಯೂನಿಟ್. ಇದನ್ನು ಮಾರಾಟಗಾರರು ತಾವಾಗಿ ಹೇಳುವುದಿಲ್ಲ, ನಾವೇ ಕೂತು ಲೆಕ್ಕ ಹಾಕಬೇಕು. ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. 600×900 ಕಿಟಕಿಯ ಸುತ್ತಳತೆ 3 ಮೀಟರ್. ಚೌಕಟ್ಟಿನ ಸುತ್ತ ಒಂದೇ ಒಂದು ಮಿಲಿಮೀಟರ್ ಸಂದು ಉಳಿದರೂ 30 ಚದರ ಸೆಂಟಿಮೀಟರ್ ತೂತು. ಈ ಗುಡ್ಡದ ಗಾಳಿಗೆ ಅಷ್ಟು ಸಾಕು, ಮೂರನೆಯ ಗಾಜು ಉಳಿಸಿದ್ದೆಲ್ಲ ಹಾರಿಹೋಗುತ್ತದೆ.

ಹಾಗಿದ್ದೂ ಮೂರು ಪದರವನ್ನೇ ಆರಿಸಿದ್ದಕ್ಕೆ ಕಾರಣ ಇಂಧನದ ಬಿಲ್ ಅಲ್ಲ, ಗಾಜಿನ ಒಳಮೈಯ ಬಿಸಿ. ಹೊರಗೆ ಮೈನಸ್ 5 ಡಿಗ್ರಿ, ಒಳಗೆ 20 ಇದ್ದಾಗ ಒಂಟಿ ಗಾಜಿನ ಒಳಮೈ 1.5 ಡಿಗ್ರಿಗೆ ಇಳಿಯುತ್ತದೆ. ಎರಡು ಪದರದ್ದು 16ರ ಮೇಲೆ, ಮೂರು ಪದರದ್ದು 18 ಡಿಗ್ರಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಭುಜದ ಮೇಲೆ ತಣ್ಣನೆ ಬೀಳುವ ಗಾಳಿ ನಿಲ್ಲುತ್ತದೆ. ಸಣ್ಣ ಕೋಣೆಗಳ ಮನೆಯಲ್ಲಿ ಕಿಟಕಿಯಿಂದ ದೂರ ಕೂರಲು ಜಾಗವೇ ಇರುವುದಿಲ್ಲವಾದ್ದರಿಂದ ಇದು ದೊಡ್ಡ ಮಾತು. ನಮಗೆ ಬಂದ ದರಪಟ್ಟಿಗಳಲ್ಲಿ ಅದೇ ಚೌಕಟ್ಟಿಗೆ ಎರಡರ ಬದಲು ಮೂರು ಪದರ ಕೇಳಿದರೆ ಹತ್ತಕ್ಕೊಂದು ಪಾಲಿನಷ್ಟು ಮಾತ್ರ ಹೆಚ್ಚಾಗುತ್ತಿತ್ತು. ಚೌಕಟ್ಟನ್ನೇ ಕೀಳುತ್ತಿರುವಾಗ ಆ ಹೆಚ್ಚಿನ ಹಣ ಕೊಡುವುದು ಸರಿ ಎನಿಸಿತು. ಹಣ ಬಿಗಿಯಿದ್ದವರಿಗೆ ನಮ್ಮ ಸಲಹೆ ಬೇರೆ: ಎರಡು ಪದರಕ್ಕೆ ನಿಲ್ಲಿ, ಉಳಿದದ್ದನ್ನು ಸಂದಿಗೂ ಪಕ್ಕದ ಗೋಡೆಗೂ ಹಾಕಿ. ಬಜೆಟ್ ಬರೆಯುವಾಗ ತೆರಿಗೆಯನ್ನು ಮರೆಯಬೇಡಿ. ಗೋಡೆ, ಅಟ್ಟಗಳ ಶಾಖರೋಧಕಕ್ಕೆ ಬ್ರಿಟನ್ನಿನಲ್ಲಿ ಈಗ ಇರುವ ಶೂನ್ಯ ದರದ ಮೌಲ್ಯವರ್ಧಿತ ತೆರಿಗೆ ಕಿಟಕಿಗಳಿಗೆ ಅನ್ವಯಿಸುವುದಿಲ್ಲ, ಪೂರ್ತಿ 20 ಪ್ರತಿಶತ ಕೊಡಬೇಕು.

ಅನುಮತಿಯ ವಿಷಯ ಚಿಕ್ಕದು, ಆದರೆ ಆರ್ಡರ್ ಕೊಡುವ ಮೊದಲೇ ಮುಗಿಯಬೇಕು. ಮನೆ ಲಿಸ್ಟೆಡ್ (ಐತಿಹಾಸಿಕವೆಂದು ಪಟ್ಟಿಯಾದ) ಕಟ್ಟಡವಾಗಿದ್ದರೆ ಕಿಟಕಿ ಮುಟ್ಟುವ ಮುನ್ನ ಕೌನ್ಸಿಲ್ಲಿನ ಒಪ್ಪಿಗೆ ಬೇಕೇ ಬೇಕು, ಒಪ್ಪಿಗೆಯಿಲ್ಲದೆ ಬದಲಿಸುವುದು ಅಪರಾಧ. ಅಂಥ ಮನೆಗಳಲ್ಲಿ ದಪ್ಪನೆಯ ಮೂರು ಪದರಕ್ಕೆ ಒಪ್ಪಿಗೆ ಸಿಗುವುದು ಅಪರೂಪ. ಹಳೆಯ ಕಿಟಕಿಯ ಒಳಬದಿಗೆ ಇನ್ನೊಂದು ಕಿಟಕಿ ಕೂರಿಸುವುದು ಅಥವಾ ತೆಳುವಾದ ನಿರ್ವಾತ ಗಾಜು (ಎರಡು ಗಾಜಿನ ನಡುವಿನ ಗಾಳಿ ಹೀರಿ ತೆಗೆದದ್ದು) ಹಾಕುವುದು ಅಲ್ಲಿಯ ದಾರಿ. ಸಂರಕ್ಷಿತ ಪ್ರದೇಶವಾಗಿದ್ದರೆ ಆರ್ಟಿಕಲ್ 4 ಆದೇಶ (ಇಂಥ ಬದಲಾವಣೆಗೂ ಅನುಮತಿ ಕೇಳಬೇಕೆನ್ನುವ ಆದೇಶ) ಇದೆಯೇ ಎಂದು ಕೌನ್ಸಿಲ್ಲಿನಲ್ಲಿ ವಿಚಾರಿಸಿ. ಈ ಮನೆಗೆ ಎರಡೂ ಇರಲಿಲ್ಲ. ಉಳಿದದ್ದು ಕಟ್ಟಡ ನಿಯಮಗಳು. ಇಂಗ್ಲೆಂಡಿನಲ್ಲಿ ಜೂನ್ 2022ರಿಂದ ಬದಲಿ ಕಿಟಕಿಯ ಯು-ಮೌಲ್ಯ 1.4 ಮೀರಬಾರದು ಅಥವಾ ಇಂಧನ ಉಳಿತಾಯದಲ್ಲಿ ಅದಕ್ಕೆ ಬಿ ದರ್ಜೆ ಇರಬೇಕು. ಕೂರಿಸುವವರು ಫೆನ್ಸಾದಂಥ, ಕಿಟಕಿ ಕೂರಿಸುವವರ ಯೋಜನೆಯಲ್ಲಿ ನೋಂದಾಯಿತರಾಗಿದ್ದರೆ ನಿಯಮ ಪಾಲಿಸಿದ್ದಕ್ಕೆ ಅವರೇ ಪ್ರಮಾಣಪತ್ರ ಕೊಡುತ್ತಾರೆ. ಸ್ಥಳೀಯ ಬಡಗಿಯಿಂದ ಮಾಡಿಸಿದರೆ ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್‌ಗೆ ಮೊದಲೇ ಅರ್ಜಿ ಹಾಕಬೇಕು. ಮನೆ ಮಾರುವಾಗ ವಕೀಲರು ಕೇಳುವ ಮೊದಲ ಕಾಗದಗಳಲ್ಲಿ ಇದೂ ಒಂದು.

ಎರಡು ನಿಯಮಗಳು ಸಣ್ಣ ಕಿಟಕಿಗಳನ್ನು ಹಿಡಿದು ಅಲ್ಲಾಡಿಸುತ್ತವೆ. ಮಲಗುವ ಕೋಣೆಯ ಹಳೆಯ ಕಿಟಕಿಯಿಂದ ಬೆಂಕಿಯ ಹೊತ್ತಿನಲ್ಲಿ ತಪ್ಪಿಸಿಕೊಳ್ಳಲು ಆಗುತ್ತಿದ್ದರೆ ಹೊಸದರಿಂದಲೂ ಆಗಬೇಕು. ತೆರೆದ ಜಾಗ 0.33 ಚದರ ಮೀಟರ್, ಅಗಲವಾಗಲಿ ಎತ್ತರವಾಗಲಿ 450 ಮಿ.ಮೀ.ಗೆ ಕಡಿಮೆಯಿಲ್ಲ, ತೆರೆಯುವ ಭಾಗದ ತಳ ನೆಲದಿಂದ 1100 ಮಿ.ಮೀ.ಗಿಂತ ಮೇಲಿಲ್ಲ. 600 ಅಗಲದಲ್ಲಿ ಹೊರಚೌಕಟ್ಟು ಎರಡೂ ಬದಿಗೆ 60 ತಿಂದರೆ ಉಳಿಯುವುದು 480. ಸಾಮಾನ್ಯ ಹಿಂಜ್ ಹಾಕಿದರೆ ತೆರೆದ ಕದವೇ ಅದರಲ್ಲಿ ಇನ್ನಷ್ಟು ನುಂಗಿ 450ಕ್ಕಿಂತ ಕೆಳಗಿಳಿಸುತ್ತದೆ. ಕದ ಪೂರ್ತಿ 90 ಡಿಗ್ರಿ ತೆರೆದು ಬದಿಗೆ ಸರಿಯುವ ಎಗ್ರೆಸ್ ಹಿಂಜ್ ಬೇಕೆಂದು ಆರ್ಡರಿನಲ್ಲಿ ಬರೆಸಬೇಕು. ಎರಡನೆಯದು ಗಾಳಿಕಂಡಿ. ವಾಸದ ಕೋಣೆಗೂ ಅಡುಗೆಮನೆಗೂ ತಲಾ 8000 ಚದರ ಮಿ.ಮೀ., ಬಚ್ಚಲಿಗೆ 4000. ಕಿಟಕಿಯ ತಲೆಪಟ್ಟಿಯಲ್ಲಿ ಕೊರೆದು ಕೂರಿಸುವ ಟ್ರಿಕಲ್ ವೆಂಟ್‌ಗಳಿಂದ ಈ ಅಳತೆ ತಲುಪಲು 600 ಮಿ.ಮೀ. ಅಗಲದಲ್ಲಿ ಜಾಗ ಸಾಲದು. ಗೋಡೆಯ ಮೂಲಕ ಕೊಳವೆ ಹಾಕಬಹುದು, ಆದರೆ 550 ಮಿ.ಮೀ. ಕಲ್ಲುಗೋಡೆಯನ್ನು ಕೊರೆಯುವಾಗ ನಡುವಿನ ಚೂರುಗಲ್ಲು ಸಡಿಲಗೊಂಡು ಉದುರುತ್ತದೆ. ಬಚ್ಚಲು ಮತ್ತು ಅಡುಗೆಮನೆಗಳಲ್ಲಿ ಹಗಲೂ ರಾತ್ರಿ ನಿಧಾನವಾಗಿ ತಿರುಗುವ ಎಕ್ಸಾಸ್ಟ್ ಫ್ಯಾನು ಹಾಕಿದರೆ ಉಳಿದ ಕೋಣೆಗಳ ಕಂಡಿಯ ಅಳತೆ ಇಳಿಯುತ್ತದೆ. ಈ ಮನೆಗೆ ಹೊಂದಿದ್ದು ಅದೇ.

ಇನ್ನು ಅಳತೆ. ಇಟ್ಟಿಗೆ ಮನೆಯಲ್ಲಿ ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆದು ಅತಿ ಸಣ್ಣದರಿಂದ 10 ಮಿ.ಮೀ. ಕಳೆದರೆ ಮುಗಿಯಿತು. ಕಲ್ಲುಮನೆಯಲ್ಲಿ ಅಷ್ಟು ಸಾಲದು. ಒಂದು ಕಿಟಕಿಯ ಅಗಲ ಮೇಲೆ 612, ನಡುವೆ 604, ಕೆಳಗೆ 615 ಬಂತು. 604ರಿಂದ ಬದಿಗೆ 8ರಂತೆ ಕಳೆದು 588 ಎಂದು ಬರೆದುಕೊಂಡ ಮೇಲೆ ತೂಗುಗುಂಡು ಇಳಿಬಿಟ್ಟರೆ ಎರಡೂ ಬದಿಯ ಕಲ್ಲು ಒಂದೇ ಕಡೆಗೆ 10 ಮಿ.ಮೀ. ವಾಲಿದ್ದವು. ಹೀಗೆ ವಾಲಿದ ಕಿಂಡಿಯಲ್ಲಿ ಮೂರು ಕಡೆ ಅಗಲ ಒಂದೇ ಬಂದರೂ ಚೌಕವಾದ ಚೌಕಟ್ಟು ಕೂರುವುದಿಲ್ಲ, ಏಕೆಂದರೆ ವಾಲಿದಷ್ಟು ಅಗಲ ಇಲ್ಲವಾಗಿರುತ್ತದೆ. ಕರ್ಣಗಳನ್ನು ಅಳೆಯಿರಿ, ತೂಗುಗುಂಡು ಬಿಡಿ, ರಸಮಟ್ಟ ಇಟ್ಟು ನೋಡಿ. ಅನುಮಾನವಿದ್ದ ಕಡೆ ತೆಳು ಪ್ಲೈವುಡ್ಡಿನಲ್ಲಿ ಹೊಸ ಚೌಕಟ್ಟಿನ ಅಳತೆಯ ಹಲಗೆ ಕತ್ತರಿಸಿ ಕಿಂಡಿಯಲ್ಲಿ ಹಿಡಿದು ನೋಡುವುದೇ ನಂಬಿಕೆಯ ದಾರಿ.

ಇದಕ್ಕಿಂತ ಕಷ್ಟದ್ದು ಕಾಣದಿರುವ ಅಳತೆ. ಈ ಭಾಗದ ಮನೆಗಳಲ್ಲಿ ಹೊರಗಿನ ಕಲ್ಲು ಒಳಗಿನದಕ್ಕಿಂತ ಮುಂದೆ ಚಾಚಿಕೊಂಡು ಚೌಕಟ್ಟಿನ ಅಂಚನ್ನು ಮುಚ್ಚಿರುತ್ತದೆ. ಒಳಗಡೆ ಅದೇ ಅಂಚನ್ನು ಗಾರೆ ಮುಚ್ಚಿರುತ್ತದೆ. ಹೊರಗಿಂದ 560 ಕಾಣುವ ಕಿಂಡಿ ಒಳಗೆ 640 ಇರಬಹುದು. ಒಂದೆರಡು ಕಿಟಕಿಗಳಲ್ಲಾದರೂ ಒಳಗಾರೆಯನ್ನು ಮೂಲೆಯಲ್ಲಿ ಉಳಿಯಿಂದ ಬಿಡಿಸಿ ಚೌಕಟ್ಟು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಲೇಬೇಕು. ಈ ಕಲ್ಲಿನ ಚಾಚು ದೊಡ್ಡ ವರವೂ ಹೌದು. ಹೊಸ ಚೌಕಟ್ಟನ್ನು ಅದರ ಹಿಂದೆ ಕೂರಿಸಿದರೆ ದಪ್ಪ ಚೌಕಟ್ಟಿನ 30–40 ಮಿ.ಮೀ. ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಗಾಳಿಮಳೆ ನೇರವಾಗಿ ಸಂದಿಗೆ ಬಡಿಯುವುದೂ ಇಲ್ಲ.

ದಪ್ಪ ಚೌಕಟ್ಟಿನ ನಿಜವಾದ ಬೆಲೆ ಬೆಳಕು. ಹಳೆಯ ಕಿಟಕಿಯಲ್ಲಿ ಗಾಜು ಸುಮಾರು 500×800 ಇತ್ತು, ಅಂದರೆ 0.40 ಚದರ ಮೀಟರ್. 110 ಮಿ.ಮೀ. ಚೌಕಟ್ಟಿನ ಹೊಸದರಲ್ಲಿ 0.26. ಒಂಟಿ ಗಾಜು ನೂರಕ್ಕೆ 90ರಷ್ಟು ಬೆಳಕು ಬಿಡುತ್ತದೆ, ಮೂರು ಪದರ 70ರ ಆಸುಪಾಸು. ಎರಡನ್ನೂ ಗುಣಿಸಿದರೆ ಕೋಣೆಗೆ ಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವ ಊರಿನಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅದಕ್ಕೇ ದರಪಟ್ಟಿ ಕೇಳುವಾಗ ಯು-ಮೌಲ್ಯದ ಜೊತೆಗೆ ಚೌಕಟ್ಟು ಮತ್ತು ಕದ ಸೇರಿ ಎದುರಿನಿಂದ ಕಾಣುವ ಅಗಲ ಎಷ್ಟು ಎಂದು ಬರೆದು ಕೇಳಿ. ಮೆಟ್ಟಿಲಿನ ಬಳಿ, ಓಣಿಯಲ್ಲಿ, ತೆರೆಯುವ ಅಗತ್ಯವಿಲ್ಲದ ಕಡೆ ಕದವಿಲ್ಲದ ಸ್ಥಿರ ಗಾಜು ಹಾಕಿದರೆ ಈ ಅಗಲ 75ಕ್ಕೆ ಇಳಿದು ಗಾಜಿನ ವಿಸ್ತೀರ್ಣ 0.34 ಆಗುತ್ತದೆ. ಕಾಟೇಜಿನ ಚೆಂದವೆಂದು ಕಿಟಕಿಯನ್ನು ಆರು ಸಣ್ಣ ಗಾಜುಗಳಾಗಿ ನಿಜವಾಗಿಯೇ ಒಡೆಯಬೇಡಿ, ಪ್ರತಿ ತುಂಡಿಗೂ ಅಂಚು ಬಂದು ಶಾಖ ಅಲ್ಲೇ ಸೋರುತ್ತದೆ. ಒಂದೇ ಗಾಜಿನ ಮೇಲೆ ಒಳಗೂ ಹೊರಗೂ ತೆಳು ಪಟ್ಟಿ ಅಂಟಿಸಿದರೆ ಸಾಕು.

ಚೌಕಟ್ಟಿಗೆ ಅಕೋಯಾ ಮರ ತೆಗೆದುಕೊಂಡೆವು. ಅಸೆಟಿಕ್ ಅನ್‌ಹೈಡ್ರೈಡಿನಿಂದ ಸಂಸ್ಕರಿಸಿದ ಪೈನ್ ಇದು, ತೇವಕ್ಕೆ ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ. ಕೊಳೆಯದಂತೆ ತಯಾರಕರು ನೆಲದ ಮೇಲಿನ ಬಳಕೆಗೆ 50 ವರ್ಷದ ಖಾತರಿ ಕೊಡುತ್ತಾರೆ. ಮರದಲ್ಲಿ ಉಳಿದ ಆಮ್ಲ ಸಾಧಾರಣ ಕಬ್ಬಿಣದ ಸ್ಕ್ರೂಗಳನ್ನು ತಿಂದುಹಾಕುವುದರಿಂದ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಕೂರಿಸುವವರು ತಮ್ಮ ಡಬ್ಬಿಯ ಸ್ಕ್ರೂ ಹಾಕಲು ಹೋದರೆ ನಿಲ್ಲಿಸಿ.

ಗಾಜಿನ ಘಟಕ 4-16-4-16-4, ಒಟ್ಟು 44 ಮಿ.ಮೀ. ನಾಲ್ಕು ಮಿ.ಮೀ.ನ ಮೂರು ಗಾಜು, ನಡುವೆ 16 ಮಿ.ಮೀ.ನ ಎರಡು ಅಂತರ, ಅವುಗಳಲ್ಲಿ ಆರ್ಗಾನ್ ಅನಿಲ. ಹೊರಗಿನಿಂದ ಎಣಿಸಿದರೆ ಆರು ಮೈಗಳಲ್ಲಿ ಎರಡನೆಯದು ಮತ್ತು ಐದನೆಯದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ. ಕೇಳಿದ್ದೇ ಬಂದಿದೆಯೇ ಎಂದು ಪರೀಕ್ಷಿಸುವುದು ಸುಲಭ: ಮಬ್ಬಿನಲ್ಲಿ ಗಾಜಿನ ಎದುರು ಲೈಟರಿನ ಜ್ವಾಲೆ ಹಿಡಿದರೆ ಆರು ಪ್ರತಿಬಿಂಬ ಕಾಣಬೇಕು, ಲೇಪವಿರುವ ಎರಡು ಮೈಗಳ ಪ್ರತಿಬಿಂಬದ ಬಣ್ಣ ಉಳಿದವುಗಳಿಗಿಂತ ಬೇರೆಯಾಗಿರಬೇಕು. ಗಾಜುಗಳ ನಡುವಿನ ಅಂಚುಪಟ್ಟಿ ಅಲ್ಯುಮಿನಿಯಂ ಆಗಿರಬಾರದು. ಸಣ್ಣ ಕಿಟಕಿಯಲ್ಲಿ ಕಾಲು ಚದರ ಮೀಟರ್ ಗಾಜಿಗೆ 2 ಮೀಟರಿಗೂ ಹೆಚ್ಚು ಅಂಚು ಇರುತ್ತದೆ, ಅದೆಲ್ಲ ಲೋಹವಾದರೆ ಬೆಳಿಗ್ಗೆ ಗಾಜಿನ ಸುತ್ತ ನೀರಿನ ಗೆರೆ ಖಚಿತ. ಪ್ಲಾಸ್ಟಿಕ್ ಮಿಶ್ರಣದ ಪಟ್ಟಿ ಬೇಕೆಂದು ಬರೆಸಿ. ನೆಲದಿಂದ 800 ಮಿ.ಮೀ. ಒಳಗೆ ಬರುವ ಗಾಜು ಸುರಕ್ಷಾ ಗಾಜೇ ಆಗಿರಬೇಕು, ದಪ್ಪಗೋಡೆಯ ಮನೆಯ ತಗ್ಗು ಕಿಟಕಿಗಳು ಈ ಗೆರೆಯೊಳಗೆ ಸುಲಭವಾಗಿ ಬರುತ್ತವೆ. ರಸ್ತೆಯ ಸದ್ದಿಗಾಗಿ ಮೂರು ಪದರ ಹಾಕುವವರಿಗೆ ಒಂದು ಮಾತು: ಮೂರೂ ಗಾಜು 4 ಮಿ.ಮೀ. ಆದರೆ ಸದ್ದು ಹೆಚ್ಚೇನೂ ಕಡಿಮೆಯಾಗದು. ಒಂದನ್ನು 6 ಮಾಡಿಸಿ, ದಪ್ಪ ಬೇರೆಬೇರೆಯಾದರೆ ಮಾತ್ರ ಫಲ.

ತೂಕದ ಹೆದರಿಕೆ ಸಣ್ಣ ಕಿಟಕಿಗೆ ಬೇಡ. ಒಂದು ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 2.5 ಕಿಲೋ, ಮೂರು ಪದರ 30 ಕಿಲೋ. ನಮ್ಮ ಸಣ್ಣ ಕದದ ಗಾಜು ಸುಮಾರು 8 ಕಿಲೋ. ದೊಡ್ಡ ಕೋಣೆಯ ಕಿಟಕಿಯನ್ನು ಮಾತ್ರ ಒಂದೇ ಕದ ಮಾಡದೆ ಎರಡಾಗಿ ಒಡೆಯಬೇಕಾಯಿತು.

ಕೀಳುವ ಕೆಲಸಕ್ಕೆ ಮುನ್ನ ಎರಡು ತಪಾಸಣೆ. 1960ರ ದಶಕಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದಂತೆಯೇ ಉಜ್ಜಬೇಡಿ, ಗರಗಸ ಹಾಕುವ ಕಡೆ ನೀರು ಚಿಮುಕಿಸಿ, ಮುಖವಾಡ ಧರಿಸಿ, ಮಕ್ಕಳನ್ನು ದೂರವಿಡಿ. ಎರಡನೆಯದು ಲಿಂಟಲ್. ಹೊರಗೆ ಕಲ್ಲಿನ ಲಿಂಟಲ್ ಇರುತ್ತದೆ, ಅದರ ಹಿಂದೆ ಒಳಗೋಡೆಯನ್ನು ಹೊತ್ತಿರುವುದು ಮರದ ತೊಲೆ. ಗಾರೆ ಬಿಡಿಸಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತುದಿ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಕಿಟಕಿ ಕೀಳುವ ಮಾತೇ ಬೇಡ. ಇಷ್ಟು ವರ್ಷ ಆ ಭಾರವನ್ನು ಕಿಟಕಿಯ ಚೌಕಟ್ಟೇ ಹೊತ್ತಿರಬಹುದು. ಮೊದಲು ಕಬ್ಬಿಣದ ಆಸರೆ ಕಂಬ ಕೊಟ್ಟು, ಎರಡೂ ಕಡೆ 150 ಮಿ.ಮೀ. ಗೋಡೆಯ ಮೇಲೆ ಕೂರುವಂತೆ ಹೊಸ ತೊಲೆ ಹಾಕಿಸಿ, ಆಮೇಲೆ ಮುಂದಿನದು. ಈ ಮನೆಯಲ್ಲಿ ಅಂಥ ಒಂದು ತೊಲೆ ಸಿಕ್ಕಿತು, ಗಾಳಿಮಳೆ ಬಡಿಯುವ ಪಶ್ಚಿಮದ ಗೋಡೆಯಲ್ಲಿ.

ಹಳೆಯ ಕಿಟಕಿಯನ್ನು ಕೀಳುವಾಗ ಮೊದಲು ಕದ ಬಿಚ್ಚಿ, ಆಮೇಲೆ ಬದಿಯ ಮರಕ್ಕೆ ನಡುವೆ ಓರೆಯಾಗಿ ಗರಗಸ ಹಾಕಿ, ಎರಡು ತುಂಡನ್ನೂ ಒಳಗಡೆಗೆ ಎಳೆಯಬೇಕು. ಹೊರಗೆ ತಳ್ಳಿದರೆ ಕಲ್ಲಿನ ಅಂಚು ಒಡೆಯುತ್ತದೆ. ಮೇಲಿನ ಮತ್ತು ಕೆಳಗಿನ ಮರದ ತುದಿಗಳು ಕಿವಿಯಂತೆ ಗೋಡೆಯೊಳಗೆ ಹೋಗಿರುತ್ತವೆ. ಅವನ್ನು ಸುತ್ತಿಗೆಯಿಂದ ಬಡಿಯದೆ ಅಲ್ಲೇ ಕತ್ತರಿಸಿ, ಗೋಡೆಯೊಳಗಿನ ತುಂಡನ್ನು ಆಮೇಲೆ ಬಿಡಿಸಿ. ಚೌಕಟ್ಟು ಬಂದ ಕೂಡಲೇ ಗೋಡೆಯ ಒಡಲಿನ ಕಲ್ಲುಚೂರು ಸುರಿಯತೊಡಗುತ್ತದೆ. ಕೈಯಲ್ಲಿ ಸುಣ್ಣದ ಗಾರೆ ಸಿದ್ಧವಿರಬೇಕು. ಒಂದು ಪಾಲು ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಬೆರೆತರೆ ಗಟ್ಟಿಯಾಗುವ ಸುಣ್ಣ) ಎರಡೂವರೆಯಿಂದ ಮೂರು ಪಾಲು ಒರಟು ಮರಳು. ಸಿಮೆಂಟ್ ಬೇಡ. ಈ ಗೋಡೆಗಳು ಮಳೆ ನೀರನ್ನು ಹೀರಿಕೊಂಡು ಬಿಸಿಲಿಗೆ ಗಾರೆಯ ಮೂಲಕ ಉಸಿರುಬಿಡುತ್ತವೆ. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಕಲ್ಲಿನೊಳಗೇ ನಿಂತು ಹೆಪ್ಪುಗಟ್ಟಿ ಕಲ್ಲಿನ ಮುಖ ಸಿಪ್ಪೆ ಏಳುತ್ತದೆ. ಸುಣ್ಣ 5 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗದು, ಹಾಗಾಗಿ ಕೆಲಸವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಕಿಟಕಿ ಕೈಸೇರಲು ಎರಡು ಮೂರು ತಿಂಗಳು ಹಿಡಿಯುವುದರಿಂದ ಆರ್ಡರ್ ಚಳಿಗಾಲದಲ್ಲೇ ಹೋಗಿರಬೇಕು.

ಚೌಕಟ್ಟನ್ನು ಬೆಣೆಗಳ ಮೇಲೆ ನಿಲ್ಲಿಸಿ, ರಸಮಟ್ಟ ನೋಡಿ, ಬಿಗಿಯುವುದು. ಬಿಗಿತದ ಸ್ಥಾನಗಳು ಮೂಲೆಯಿಂದ 150–250 ಮಿ.ಮೀ.ನಲ್ಲಿ ಒಂದು, ನಡುವೆ 600ಕ್ಕಿಂತ ಹೆಚ್ಚು ಅಂತರವಿಲ್ಲದಂತೆ ಉಳಿದವು. ಚೌಕಟ್ಟಿನ ಮೂಲಕ ನೇರವಾಗಿ ಹೊಡೆದ ಸ್ಕ್ರೂ ಮೆತ್ತಗಿನ ಗಾರೆಗೆ ಸಿಕ್ಕರೆ ಹಿಡಿತವಿಲ್ಲ, ಕಲ್ಲಿನ ಅಂಚಿಗೆ ಸಿಕ್ಕರೆ ಕಲ್ಲು ಚಕ್ಕೆ ಏಳುತ್ತದೆ. ಚೌಕಟ್ಟಿನ ಹಿಂಬದಿಗೆ ಸ್ಟೀಲ್ ಪಟ್ಟಿ ಬಿಗಿದು, ಅದನ್ನು ಒಳಗೋಡೆಯ ಗಟ್ಟಿ ಕಲ್ಲಿಗೆ ಅಂಚಿನಿಂದ 50 ಮಿ.ಮೀ. ಒಳಗೆ ಬಿಗಿಯುವುದು ಇಂಥ ಗೋಡೆಗೆ ಹೆಚ್ಚು ಹೊಂದುತ್ತದೆ. ಎಲ್ಲಿ ಕಲ್ಲಿದೆ ಎಂದು ನೋಡಿ ಪಟ್ಟಿಯನ್ನು ಬಾಗಿಸಬಹುದು.

ಕದಕ್ಕೆ ಗಾಜು ಕೂರಿಸುವಾಗ ಅದರಡಿಯ ಪ್ಲಾಸ್ಟಿಕ್ ತುಂಡುಗಳ ಮೇಲೆ ಕಣ್ಣಿಡಿ. ಹಿಂಜ್ ಬದಿಯ ಕೆಳಮೂಲೆಯಲ್ಲಿ ಒಂದು, ಅದರ ಎದುರಿನ ಮೇಲ್ಮೂಲೆಯಲ್ಲಿ ಒಂದು, ಹೀಗೆ ಕರ್ಣವಾಗಿ ಗಾಜೇ ಕದವನ್ನು ಚೌಕವಾಗಿ ಹಿಡಿಯುತ್ತದೆ. ತುಂಡುಗಳ ಅಗಲ 44 ಮಿ.ಮೀ.ಗೆ ಕಡಿಮೆ ಇರಬಾರದು. ಎರಡು ಪದರಕ್ಕೆಂದು ಇಟ್ಟಿದ್ದ 28 ಮಿ.ಮೀ. ತುಂಡು ಹಾಕಿದರೆ ಒಂದು ಗಾಜು ಆಧಾರವಿಲ್ಲದೆ ನೇತಾಡುತ್ತದೆ. ಅದು ಕೂದಲೆಳೆಯಷ್ಟು ಜಾರಿದರೂ ಅಂಚಿನ ಬೆಸುಗೆ ಬಿಟ್ಟು, ಆರ್ಗಾನ್ ಹೊರಟುಹೋಗಿ, ಕೆಲವು ವರ್ಷಗಳಲ್ಲಿ ಗಾಜುಗಳ ನಡುವೆ ಮಂಜು ಕಟ್ಟುತ್ತದೆ. ಆಮೇಲೆ ಒರೆಸಲು ಬಾರದು, ಘಟಕವನ್ನೇ ಬದಲಿಸಬೇಕು.

ಸಂದು ಮುಚ್ಚುವುದರಲ್ಲಿ ಮೂರು ಸಾಲು. ಹೊರಗೆ ಮಳೆಯನ್ನು ತಡೆಯುವ, ಆದರೆ ಆವಿಯನ್ನು ಹೊರಬಿಡುವ ಸಾಲು. ನಡುವೆ ಶಾಖ ತಡೆಯುವ ಸಾಲು. ಒಳಗೆ ಗಾಳಿಯನ್ನೂ ಆವಿಯನ್ನೂ ತಡೆಯುವ ಸಾಲು. ಹೊರಗೆ ಬಳಸಿದ್ದು ತಾನೇ ಹಿಗ್ಗುವ ಸ್ಪಂಜಿನ ಟೇಪು. ಸಂದು 5 ಮಿ.ಮೀ. ಇದ್ದಲ್ಲಿಯೂ 15 ಇದ್ದಲ್ಲಿಯೂ ಒಂದೇ ಅಳತೆಯ ಟೇಪು ಸಾಲದು, ಎರಡು ಅಳತೆ ತರಿಸಿಕೊಳ್ಳಿ. ಚಳಿಯಲ್ಲಿ ಅದು ಬಹಳ ನಿಧಾನವಾಗಿ ಹಿಗ್ಗುತ್ತದೆ, ಬಿಸಿಲಿನಲ್ಲಿ ಚೌಕಟ್ಟು ಎತ್ತುವಷ್ಟರಲ್ಲೇ ಉಬ್ಬಿಬಿಡುತ್ತದೆ. ಬೇಸಿಗೆಯಲ್ಲಿ ಉರುಳೆಯನ್ನು ತಂಪಿನಲ್ಲಿಡಿ, ಚಳಿಯಲ್ಲಿ ಬಿಸಿಗಾಳಿ ಬಿಡಿ. ಒರಟು ಗ್ರಿಟ್‌ಸ್ಟೋನಿನ ಮೇಲೆ ಟೇಪು ನೇರವಾಗಿ ಕೂರುವುದಿಲ್ಲ, ತಗ್ಗುಗಳಲ್ಲಿ ನೀರು ನುಸುಳುತ್ತದೆ. ಚೌಕಟ್ಟು ಬರುವ ಮೊದಲೇ ಕಲ್ಲಿನ ಒಳಬದಿಗೆ ಸುಣ್ಣದ ಗಾರೆಯ ನಯವಾದ ಪಟ್ಟಿ ಎಳೆದು ಒಣಗಿಸಿಕೊಳ್ಳಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ಸೋರುವ ಕಿಟಕಿಗಳ ಕಾರಣವೂ ಹೆಚ್ಚಾಗಿ ಇದೇ. ನಡುವಿನ ಜಾಗಕ್ಕೆ ಕಡಿಮೆ ಉಬ್ಬುವ ಫೋಮ್. ಸಾಮಾನ್ಯ ಫೋಮ್ ಉಬ್ಬಿ ಚೌಕಟ್ಟನ್ನೇ ಒಳಕ್ಕೆ ಬಾಗಿಸಿ ಕದ ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ಒಳಗೆ, ಒಂದು ಅಂಚು ಚೌಕಟ್ಟಿಗೂ ಇನ್ನೊಂದು ಗೋಡೆಗೂ ಅಂಟಿ, ಮೇಲೆ ಗಾರೆ ಹಿಡಿಯುವಂಥ ಬಟ್ಟೆಮುಖದ ಟೇಪು. ಇದನ್ನು ಚೌಕಟ್ಟು ನಿಲ್ಲಿಸುವ ಮೊದಲೇ ಅದರ ಬದಿಗೆ ಅಂಟಿಸಿಕೊಂಡಿರಬೇಕು, ಆಮೇಲೆ ಕೈ ಹೋಗದು.

ಹೊರಗಿನ ಕೊನೆಯ ಗೆರೆಗೆ ಅಗ್ಗದ ಸಿಲಿಕೋನ್ ಹಾಕಿದರೆ ಅದರ ಎಣ್ಣೆ ಕಲ್ಲಿಗೆ ಇಳಿದು ಅಳಿಸಲಾಗದ ಕಪ್ಪು ಕಲೆಯಾಗುತ್ತದೆ. ಕಾದ ಮರಳಿಗೆ ಕುದಿಸಿದ ಅಗಸೆ ಎಣ್ಣೆ ಕಲಸಿ ತುಂಬುವುದು ಇಲ್ಲಿಯ ಹಳೆಯ ಕ್ರಮ. ಅದು ಕಲ್ಲಿನ ಬಣ್ಣಕ್ಕೆ ಹೊಂದುತ್ತದೆ, ವರ್ಷಗಟ್ಟಲೆ ಬಿರಿಯದೆ ಇರುತ್ತದೆ, ಸಾಮಾನು ಅಂಗಡಿಯಲ್ಲಿ ಇಂದಿಗೂ ಸಿಗುತ್ತದೆ. ಕಿಟಕಿಯ ಕೆಳಗಿನ ಮರದ ಸಿಲ್ (ಅಡಿಪಟ್ಟಿ) ಹೊರಗೆ ಇಳಿಜಾರಾಗಿರಬೇಕು, ಅದರ ಅಡಿಯಲ್ಲಿ ಹನಿ ಕಳಚಿಬೀಳುವ ಗೀರು ಇರಬೇಕು. ಆ ಗೀರು ಗೋಡೆಯ ಮುಖಕ್ಕಿಂತ ಹೊರಗೆ ಬರದಿದ್ದರೆ ಗೀರಿದ್ದೂ ಪ್ರಯೋಜನವಿಲ್ಲ.

ಈಗ ಪಕ್ಕದ ಗೋಡೆ. ಒಂಟಿ ಗಾಜಿನ ಕಾಲದಲ್ಲಿ ಮನೆಯ ಅತಿ ತಣ್ಣನೆಯ ಜಾಗ ಗಾಜು. ಒಲೆ, ಸ್ನಾನ, ಒಣಹಾಕಿದ ಬಟ್ಟೆ, ಉಸಿರು, ಎಲ್ಲದರ ಆವಿಯೂ ಅಲ್ಲೇ ಹನಿಗಟ್ಟುತ್ತಿತ್ತು, ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಗಾಜು 18 ಡಿಗ್ರಿಗೆ ಏರಿದ ಮೇಲೆ ಆವಿ ಇನ್ನೊಂದು ತಣ್ಣನೆಯ ಜಾಗ ಹುಡುಕುತ್ತದೆ. ಅದು ಚೌಕಟ್ಟಿನ ಪಕ್ಕದ ಕಲ್ಲು. ಗೋಡೆ 550 ಮಿ.ಮೀ. ದಪ್ಪವಿದ್ದರೂ ಚೌಕಟ್ಟನ್ನು ಬಳಸಿಕೊಂಡು ಹೊರಗಿನ ಚಳಿ ಒಳಬರಲು ಅಲ್ಲಿ 100 ಮಿ.ಮೀ. ಕಲ್ಲು ದಾಟಿದರೆ ಸಾಕು. ಕೋಣೆ 20 ಡಿಗ್ರಿ, ತೇವಾಂಶ 60 ಪ್ರತಿಶತ ಇದ್ದರೆ 12 ಡಿಗ್ರಿಯ ಯಾವ ಮೈಯ ಮೇಲೂ ನೀರು ಹನಿಗಟ್ಟುತ್ತದೆ, ಬೂಷ್ಟಿಗೆ ಅಷ್ಟೂ ಬೇಡ. ಹೊಸ ಕಿಟಕಿ ಹಾಕಿಸಿದ ಮೊದಲ ಚಳಿಗಾಲದಲ್ಲೇ ಮೂಲೆ ಕಪ್ಪಾಗುವುದು ಇದರಿಂದ. ದೂರು ಹೋಗುವುದು ಕಿಟಕಿಯವರ ಮೇಲೆ, ಕಾರಣ ಇರುವುದು ಗೋಡೆಯಲ್ಲಿ.

ಪರಿಹಾರವೆಂದರೆ ಕಿಟಕಿಯ ಎರಡೂ ಬದಿ, ಮೇಲ್ಭಾಗ, ಒಳಗಿನ ಸಿಲ್ಲಿನ ಅಡಿ, ನಾಲ್ಕೂ ಕಡೆ 20 ಮಿ.ಮೀ. ಮರದ ನಾರಿನ ಹಲಗೆ ಅಂಟಿಸಿ ಸುಣ್ಣದ ಗಾರೆ ಬಳಿಯುವುದು. ಜಾಗ ತೀರಾ ಕಡಿಮೆಯಿದ್ದಲ್ಲಿ 10 ಮಿ.ಮೀ. ಏರೋಜೆಲ್ (ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ತುಂಬಿದ ಹಗುರ ವಸ್ತು) ಹಲಗೆ. ಬೆಲೆ ಜಾಸ್ತಿ, ಆದರೆ ಅದೇ ದಪ್ಪದ ಮರದ ನಾರಿಗಿಂತ ಎರಡು ಪಟ್ಟಿಗೂ ಮೀರಿ ಶಾಖ ತಡೆಯುತ್ತದೆ. ಹಲಗೆ ಚೌಕಟ್ಟಿನ ಅಂಚಿನ ಮೇಲೆ ಹತ್ತಿ ಕೂರಬೇಕು. ಅದಕ್ಕೆ ಚೌಕಟ್ಟು ಕದದಿಂದಾಚೆ 30 ಮಿ.ಮೀ.ಯಷ್ಟು ಅಗಲ ಹೆಚ್ಚಿರಬೇಕು. ಆರ್ಡರ್ ಕೊಡುವಾಗಲೇ ಚೌಕಟ್ಟಿಗೆ ಹೆಚ್ಚುವರಿ ಪಟ್ಟಿ ಕೇಳದಿದ್ದರೆ, ಕದ ಒಳಕ್ಕೆ ತೆರೆಯುವಂಥದ್ದಾದರೆ ಹಲಗೆಗೆ ತಾಗುತ್ತದೆ, ಇಲ್ಲವೇ ಹಲಗೆಯನ್ನೇ ಕೈಬಿಡಬೇಕಾಗುತ್ತದೆ. ಚೌಕಟ್ಟನ್ನು ಹೊರಮೈಗೆ ಅಂಟಿಕೊಂಡಂತೆ ಇಡದೆ ಗೋಡೆಯ ಒಳಕ್ಕೆ ಸರಿಸಿದಷ್ಟೂ ಈ ಜಾಗ ಬೆಚ್ಚಗಿರುತ್ತದೆ. ಕಲ್ಲಿನ ಚಾಚಿನ ಹಿಂದೆ ಕೂರಿಸುವುದರ ಇನ್ನೊಂದು ಲಾಭ ಇದು.

ಕಟ್ಟಿಗೆಯ ಒಲೆ ಇರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು, ಇದು ಪ್ರಾಣದ ವಿಷಯ. ಹಳೆಯ ಕಿಟಕಿಗಳ ಸಂದುಗಳೇ ಒಲೆಗೆ ಗಾಳಿ ಕೊಡುತ್ತಿದ್ದವು. ಗಾಳಿ ಸೋರುವ ಮನೆಯಲ್ಲಿ 5 ಕಿಲೋವ್ಯಾಟ್ ಮೀರಿದ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿ.ಮೀ. ಶಾಶ್ವತ ಗಾಳಿಕಂಡಿ ಬೇಕು ಎನ್ನುತ್ತದೆ ನಿಯಮ. ಬಿಗಿಯಾದ ಮನೆಗೆ ಮೊದಲ ಕಿಲೋವ್ಯಾಟಿನಿಂದಲೇ ಆ ಲೆಕ್ಕ. 7 ಕಿಲೋವ್ಯಾಟ್ ಒಲೆಗೆ 1100 ಇದ್ದದ್ದು 3850 ಆಗುತ್ತದೆ. ಕಿಟಕಿ ಮುಗಿದ ಮೇಲೆ ಎಕ್ಸಾಸ್ಟ್ ಫ್ಯಾನು ಪೂರ್ತಿ ಓಡಿಸಿ, ಒಲೆ ಹೊತ್ತಿಸಿ, ಹೊಗೆ ಕೋಣೆಗೆ ಮರಳುತ್ತದೆಯೇ ಎಂದು ಒಲೆಯ ನೋಂದಾಯಿತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಲೆ ಹೊತ್ತಿಸಬೇಡಿ.

ಹೊಸ ಗಾಜು ಕೂತ ಮೇಲೆ ಶರತ್ಕಾಲದ ತಿಳಿಯಾದ ರಾತ್ರಿ ಕಳೆದ ಬೆಳಿಗ್ಗೆಗಳಲ್ಲಿ ಗಾಜಿನ ಹೊರಮೈ ಮೇಲೆ ಇಬ್ಬನಿ ಕಟ್ಟುತ್ತದೆ. ಒಳಗಿನ ಶಾಖ ಹೊರಗಾಜನ್ನು ತಲುಪುತ್ತಿಲ್ಲ, ಹಾಗಾಗಿ ಅದು ತೆರೆದ ಆಕಾಶಕ್ಕೆ ತಣ್ಣಗಾಗುತ್ತಿದೆ ಎಂದರ್ಥ, ದೋಷವಲ್ಲ. ಬಿಸಿಲು ಏರಿದರೆ ಹೋಗುತ್ತದೆ. ಗಾಜಿನ ಲೋಹದ ಲೇಪ ಮೊಬೈಲ್ ಸಿಗ್ನಲ್ಲನ್ನೂ ತಡೆಯುತ್ತದೆ. ದಪ್ಪ ಕಲ್ಲುಗೋಡೆಯ ಮನೆಗೆ ಸಿಗ್ನಲ್ ಬರುತ್ತಿದ್ದದ್ದೇ ಕಿಟಕಿಯಿಂದ. ಊರಿಗೆ ಫೋನ್ ಮಾಡುವವರು ವೈಫೈ ಕಾಲಿಂಗ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಮೊದಲ ವರ್ಷದ ಕೊನೆಗೆ ಹಿಂಜ್‌ಗಳ ಸ್ಕ್ರೂ ಒಮ್ಮೆ ಬಿಗಿಮಾಡಿ, ಕದದ ಸುತ್ತಣ ರಬ್ಬರ್ ಪಟ್ಟಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಬಿಗಿ ಸಾಲದು, ಚಿಲಕದ ಗೂಟವನ್ನು ಅಲೆನ್ ಕೀಲಿಯಿಂದ ಸ್ವಲ್ಪ ತಿರುಗಿಸಬೇಕು. ಚೌಕಟ್ಟಿನ ತಳದಲ್ಲಿ ನೀರು ಹರಿದುಹೋಗುವ ತೂತುಗಳಿರುತ್ತವೆ. ಗುಡ್ಡದ ಗಾಳಿ ತರುವ ಧೂಳು, ಪಾಚಿ, ಜೇಡನ ಬಲೆ ಅವನ್ನು ಮುಚ್ಚುತ್ತವೆ. ವರ್ಷಕ್ಕೆರಡು ಬಾರಿ ಕಡ್ಡಿ ಹಾಕಿ ಬಿಡಿಸದಿದ್ದರೆ ನೀರು ನಿಂತು ಗಾಜಿನ ಅಂಚಿನ ಬೆಸುಗೆಯನ್ನು ಕೆಳಗಿನಿಂದ ಕೆಡಿಸುತ್ತದೆ.